ಎರಡು ಹೊತ್ತಿನ ಬೆವರು

ಬಲಗಾಲಿನ ಶೂ ಬಿಚ್ಚಿ ಪಕ್ಕಕ್ಕಿಟ್ಟಿದ್ದೆ. ಎಡಗಾಲಿನ ಲೇಸಿಗೆ ಕೈ ಹಾಕಿದವನು ಹಾಗೆಯೇ ಕುಳಿತುಬಿಟ್ಟೆ. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ, ಎಷ್ಟು ಹೊತ್ತೋ ಗೊತ್ತಿಲ್ಲ. ನಿದ್ದೆ ಬಂದಿರಲಿಲ್ಲ, ಎಲ್ಲೂ ನೋವಿರಲಿಲ್ಲ. ಗಂಟು ಎಳೆಯಬೇಕು ಎಂಬುದು ತಲೆಗೆ ಗೊತ್ತಿತ್ತು, ಬೆರಳಿಗೆ ಮನಸ್ಸಿರಲಿಲ್ಲ. ಮಗಳು ಎರಡು ಸಲ ನನ್ನನ್ನು ದಾಟಿಕೊಂಡು ಓಡಾಡಿದಳು. ಮೂರನೆಯ ಸಲ ನಿಂತು ಕೇಳಿದಳು: "ಅಪ್ಪಾ, ಇನ್ನೊಂದು ಶೂ ಹಾಕಿಕೊಂಡೇ ಮಲಗುತ್ತೀಯಾ?"

ದಿನಕ್ಕೆ ಎರಡು ಹೊತ್ತಿನ ತಾಲೀಮು ಶುರುಮಾಡಿ ಅದು ಆರನೆಯ ವಾರ. ಬೆಳಿಗ್ಗೆ ಒಂದು ಗಂಟೆ ಭಾರ ಎತ್ತುವುದು, ಸಂಜೆ ಒಂದು ಗಂಟೆ ಓಟ. ಯಾರೂ ಮಾಡೆಂದು ಹೇಳಿರಲಿಲ್ಲ, ಮುಂದೆ ಯಾವ ಸ್ಪರ್ಧೆಯೂ ಇರಲಿಲ್ಲ. ನಲವತ್ತು ದಾಟಿದ, ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ಮನುಷ್ಯನೊಬ್ಬ ಇರಲಾರದೆ ಇರುವೆ ಬಿಟ್ಟುಕೊಂಡ ಕಥೆ ಇದು. ಒಂದು ಹೊತ್ತಿನ ವ್ಯಾಯಾಮ ನಾಲ್ಕು ವರ್ಷ ಚೆನ್ನಾಗಿಯೇ ನಡೆದಿತ್ತು. ಆಮೇಲೆ ಎಲ್ಲ ಅಂಕಿಗಳೂ ಇದ್ದಲ್ಲೇ ಬೇರು ಬಿಟ್ಟವು. ಸ್ಕ್ವಾಟ್, ಅಂದರೆ ಹೆಗಲ ಮೇಲೆ ಭಾರ ಹೊತ್ತು ಕುಕ್ಕರಿಸಿ ಏಳುವುದು, 80 ಕಿಲೋದ ಮೇಲೆ ಏರಲಿಲ್ಲ, 5 ಕಿಲೋಮೀಟರ್ ಓಟ 27 ನಿಮಿಷಕ್ಕಿಂತ ಇಳಿಯಲಿಲ್ಲ. ಒಂದು ಹೊತ್ತಿಗೆ ಇಷ್ಟು ಬಂದಿದ್ದರೆ ಎರಡು ಹೊತ್ತಿಗೆ ಇದರ ಎರಡರಷ್ಟು ಬಂದೀತು ಎಂದು ಲೆಕ್ಕ ಹಾಕಿದೆ. ಮೂರನೆಯ ತರಗತಿಯ ಗಣಿತ.

ಮೊದಲ ಮೂರು ವಾರ ಆ ಗಣಿತ ಸರಿಯಾಗಿಯೇ ಕಂಡಿತು. ಹಸಿವು ಹೆಚ್ಚಿತು, ಮಲಗಿದ ತಕ್ಷಣ ನಿದ್ದೆ ಬರುತ್ತಿತ್ತು. "ನಾನು ದಿನಕ್ಕೆ ಎರಡು ಸಲ ಮಾಡುತ್ತೇನೆ" ಎಂದು ಹೇಳಿಕೊಳ್ಳುವ ಸುಖ ಬೇರೆ ಇತ್ತು. ಯಾರೂ ಕೇಳದಿದ್ದರೂ ಮಾತನ್ನು ಆ ಕಡೆಗೆ ಎಳೆದುಕೊಂಡು ಹೋಗುತ್ತಿದ್ದೆ. ಎರಡು ಜೊತೆ ಬಟ್ಟೆ, ಎರಡು ಟವೆಲ್, ಬೆಳಗಿನ ಬೆವರಿನಿಂದ ಸಂಜೆಯವರೆಗೂ ಒದ್ದೆಯಾಗಿಯೇ ಇರುವ ಶೂ. ಆ ಒದ್ದೆ ಶೂ ನನಗೆ ಏನನ್ನೋ ಹೇಳುತ್ತಿತ್ತು ಎಂದು ಈಗ ಬರೆದರೆ ಜಾಣತನವಾದೀತು. ಆಗ ಅದು ವಾಸನೆ ಹೊಡೆಯುತ್ತಿತ್ತು, ಅಷ್ಟೇ. ಇನ್ನೊಂದು ಜೊತೆ ಕೊಂಡೆ.

ನಾಲ್ಕನೆಯ ವಾರದಲ್ಲಿ ಮೆಟ್ಟಿಲು ಹತ್ತುವಾಗ ತೊಡೆ ಭಾರವಾಗತೊಡಗಿತು. ಐದನೆಯ ವಾರ 80 ಕಿಲೋ ಎತ್ತುತ್ತಿದ್ದವನಿಗೆ 72 ಕಿಲೋ ಸಾಕುಸಾಕಾಯಿತು. ಆರನೆಯ ವಾರದ ಕಥೆ ಆಗಲೇ ಹೇಳಿದೆ.

ಎರಡು ಹೊತ್ತು ಅಭ್ಯಾಸ ಮಾಡುವವರು ಲೋಕದಲ್ಲಿ ಇಲ್ಲವೆಂದಲ್ಲ. ಈಜುಗಾರರು ನಸುಕಿನಲ್ಲೊಮ್ಮೆ, ಮಧ್ಯಾಹ್ನದ ನಂತರ ಇನ್ನೊಮ್ಮೆ ನೀರಿಗಿಳಿಯುವುದು ಆ ಕ್ರೀಡೆಯ ದಿನಚರಿಯೇ ಆಗಿಬಿಟ್ಟಿದೆ. ದೂರದ ಓಟಗಾರರಲ್ಲಿ ದೊಡ್ಡ ಮಟ್ಟಕ್ಕೆ ಹೋದವರು ಬಹುತೇಕ ಎಲ್ಲರೂ ವಾರದಲ್ಲಿ ಹಲವು ದಿನ ಎರಡು ಬಾರಿ ಓಡುತ್ತಾರೆ. ಬಲ್ಗೇರಿಯಾದ ಭಾರ ಎತ್ತುವವರ ತಂಡವನ್ನು ಕಟ್ಟಿದ ತರಬೇತುದಾರ ಇವಾನ್ ಅಬಜೀವ್ ತಮ್ಮ ಶಿಷ್ಯರಿಂದ ದಿನಕ್ಕೆ ಹಲವು ಬಾರಿ, ಚಿಕ್ಕಚಿಕ್ಕ ಅವಧಿಗಳಲ್ಲಿ, ಗರಿಷ್ಠಕ್ಕೆ ಹತ್ತಿರದ ಭಾರ ಎತ್ತಿಸುತ್ತಿದ್ದರು. ಇವರನ್ನೆಲ್ಲ ನೋಡಿಯೇ ನಾನು ಹಾರಿದ್ದು. ಆದರೆ ನೋಡಿದ್ದು ಅವರು ಓಡುವುದನ್ನು, ಎತ್ತುವುದನ್ನು. ಎರಡು ಅವಧಿಗಳ ನಡುವೆ ಅವರು ಏನು ಮಾಡುತ್ತಾರೆ ಎಂಬ ವಿಡಿಯೋವನ್ನು ಯಾರೂ ನೋಡುವುದಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ. ಅವರು ಉಂಡು ಮಲಗಿರುತ್ತಾರೆ. ನಾನು ಆ ಹೊತ್ತಿನಲ್ಲಿ ಒಂಬತ್ತು ಗಂಟೆ ಕಚೇರಿಯ ಕೆಲಸ ಮಾಡುತ್ತಿದ್ದೆ.

ನಾರ್ವೆಯ ಓಟಗಾರರ ಪದ್ಧತಿಯನ್ನು ಆಮೇಲೆ ಕೂತು ಓದಿದಾಗ ನನ್ನ ತಪ್ಪಿನ ಬುಡ ಸಿಕ್ಕಿತು. ಅಲ್ಲಿನ ಮಾರಿಯಸ್ ಬಾಕನ್ ಎಂಬ 5000 ಮೀಟರ್ ಓಟಗಾರ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ರೂಪಿಸಿದ ಕ್ರಮ ಅದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 1500 ಮೀಟರನ್ನು 3 ನಿಮಿಷ 28.32 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದ ಯಾಕೋಬ್ ಇಂಗೆಬ್ರಿಗ್ಟ್‌ಸನ್ ಇದೇ ಬಗೆಯಲ್ಲಿ ಬೆಳೆದವರು. ವಾರಕ್ಕೆ ಎರಡು ದಿನ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ವೇಗದ ತುಣುಕು ಓಟಗಳು. ನಡುನಡುವೆ ಬೆರಳನ್ನೋ ಕಿವಿಯ ಹಾಲೆಯನ್ನೋ ಚುಚ್ಚಿ ಒಂದು ಹನಿ ರಕ್ತ ತೆಗೆದು ಅದರಲ್ಲಿ ಲ್ಯಾಕ್ಟೇಟ್, ಅಂದರೆ ಸ್ನಾಯು ಜೋರಾಗಿ ದುಡಿದಷ್ಟೂ ರಕ್ತದಲ್ಲಿ ಏರುವ ವಸ್ತು, ಎಷ್ಟಿದೆ ಎಂದು ನೋಡುತ್ತಾರೆ. ಇನ್ನೂ ಜೋರಾಗಿ ಓಡಿಸಲು ಈ ಅಳತೆ ಎಂದು ನಾನು ಅಂದುಕೊಂಡಿದ್ದೆ. ಅಲ್ಲ, ತಡೆಯಲು. ಲೀಟರಿಗೆ ಎರಡರಿಂದ ಮೂರೂವರೆ ಮಿಲಿಮೋಲ್ ಆಸುಪಾಸಿನಲ್ಲಿಯೇ ಅದನ್ನು ಹಿಡಿದಿಡುತ್ತಾರೆ. ಪ್ರಾಣ ಪಣಕ್ಕಿಟ್ಟು ಓಡಿದರೆ ಅದು ಹತ್ತು ದಾಟುತ್ತದೆ. ಅಂಕಿ ಮೇಲೇರಿತೋ, ವೇಗ ಇಳಿಸು ಎಂದೇ ಆಜ್ಞೆ. ಒಂದೇ ಸಲಕ್ಕೆ ಮಾಡಲು ಹೋದರೆ ಸುಸ್ತಾಗಿ ಕೆಟ್ಟುಹೋಗುವಷ್ಟು ಕೆಲಸವನ್ನು ಎರಡು ತುಂಡು ಮಾಡಿ, ಎರಡನ್ನೂ ಹದದಲ್ಲಿ ಮುಗಿಸುವ ಉಪಾಯ.

ಅವರು ಭಾಗಾಕಾರ ಮಾಡುತ್ತಿದ್ದರು. ನಾನು ಗುಣಾಕಾರ ಮಾಡಿಕೊಂಡು ಕುಳಿತಿದ್ದೆ.

ಗುಣಾಕಾರ ನಡೆಯುವುದಿಲ್ಲ ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ಈಜುಗಾರರನ್ನು ಎರಡು ಗುಂಪು ಮಾಡಿ 25 ವಾರ ಗಮನಿಸಿದರು. ಒಂದು ಗುಂಪು ದಿನಕ್ಕೆ ಒಂದೂವರೆ ಗಂಟೆಯಂತೆ ಒಂದೇ ಹೊತ್ತು ಈಜಿತು. ಇನ್ನೊಂದು ಗುಂಪು ನಡುವಿನ ಆರು ವಾರ ಒಂದೂವರೆ ಗಂಟೆಯಂತೆ ಎರಡು ಹೊತ್ತು. ಆ ಆರು ವಾರ ಹೆಚ್ಚಿಗೆ ಈಜಿದವರಿಗೆ ಹೆಚ್ಚಿಗೆ ಏನೂ ದಕ್ಕಲಿಲ್ಲ. ಅಷ್ಟೇ ಅಲ್ಲ, ಆ ಅವಧಿಯಲ್ಲಿ ಅವರ ಚುಟುಕು ಓಟದ ವೇಗ, ಅಂದರೆ ನೀರಿನಲ್ಲಿನ ಸ್ಪ್ರಿಂಟ್, ಕುಗ್ಗಿತು. ದಿನಕ್ಕೆ ಒಂದೂವರೆ ಗಂಟೆ ಹೆಚ್ಚುವರಿ ಬೆವರು, ಅದೂ ನೀರೊಳಗೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇದಕ್ಕೆ ಎದುರು ನಿಲ್ಲುವ ಇನ್ನೊಂದು ಪ್ರಯೋಗ ಇದೆ. ನನಗೆ ತುಂಬ ಇಷ್ಟವಾದದ್ದು, ಏಕೆಂದರೆ ಅದರಲ್ಲಿ ಒಬ್ಬನೇ ಮನುಷ್ಯನ ಎರಡು ಕಾಲುಗಳು ಒಂದಕ್ಕೊಂದು ಪ್ರತಿಸ್ಪರ್ಧಿಗಳು. 2005ರಲ್ಲಿ ಹ್ಯಾನ್ಸನ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ವ್ಯಾಯಾಮದ ರೂಢಿಯಿಲ್ಲದ ಏಳು ಗಂಡಸರು, ಹತ್ತು ವಾರ. ಒಂದು ಕಾಲಿಗೆ ಪ್ರತಿದಿನ ಒಂದು ಗಂಟೆ ಮಂಡಿ ಚಾಚುವ ಕೆಲಸ. ಇನ್ನೊಂದು ಕಾಲಿಗೆ ಒಂದು ದಿನ ಬಿಟ್ಟು ಒಂದು ದಿನ, ಆದರೆ ಆ ದಿನ ಎರಡು ಬಾರಿ, ನಡುವೆ ಎರಡೇ ಗಂಟೆ ಬಿಡುವು, ಅದೂ ಉಪವಾಸ. ಒಟ್ಟು ಕೆಲಸ ಎರಡೂ ಕಾಲಿಗೆ ಸರಿಸಮ. ಹತ್ತು ವಾರದ ಕೊನೆಗೆ ನಿಗದಿತ ಭಾರವನ್ನು ಸೋಲುವ ತನಕ ನೂಕಲು ಹೇಳಿದಾಗ ದಿನನಿತ್ಯದ ಕಾಲು ಸುಮಾರು 12 ನಿಮಿಷ ತಾಳಿತು. ಎರಡು ಹೊತ್ತಿನ ಕಾಲು ಸುಮಾರು 20 ನಿಮಿಷ. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಮೊದಲ ಅವಧಿಯಲ್ಲಿ ಖಾಲಿಯಾಗಿ, ಎರಡನೆಯ ಅವಧಿಯನ್ನು ಬರಿಗೈಯಲ್ಲಿ ಎದುರಿಸಬೇಕಾಗಿ ಬಂದಾಗ ಸ್ನಾಯು ಕೊಬ್ಬನ್ನು ಉರಿಸುವುದನ್ನು ಹೆಚ್ಚು ಚುರುಕಾಗಿ ಕಲಿಯುತ್ತದೆ ಎಂಬುದು ಇದಕ್ಕೆ ಕೊಟ್ಟ ವಿವರಣೆ.

ಇದನ್ನು ಓದಿ ಆ ರಾತ್ರಿ ಮತ್ತೆ ಹುಚ್ಚು ಹಿಡಿಯುವುದರಲ್ಲಿತ್ತು. ಆದರೆ ಎರಡು ಸಂಗತಿಗಳನ್ನು ಬಿಟ್ಟು ಓದುವಂತಿಲ್ಲ. ಆ ಕಾಲಿಗೆ ಮರುದಿನ ಪೂರ್ತಿ ರಜೆ ಇತ್ತು. ಮತ್ತು 2008ರಲ್ಲಿ ಯೋ ಮತ್ತು ಸಂಗಡಿಗರು ಪಳಗಿದ ಸೈಕಲ್ ಸವಾರರ ಮೇಲೆ ಇಂಥದೇ ಪ್ರಯೋಗವನ್ನು ಮೂರು ವಾರ ನಡೆಸಿದಾಗ ಸ್ನಾಯುವಿನೊಳಗೆ ಬದಲಾವಣೆ ಕಂಡಿತಾದರೂ, ಒಂದು ಗಂಟೆಯ ಪರೀಕ್ಷೆಯಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ, ಸುಮಾರು 10 ಶೇಕಡಾ, ಸುಧಾರಿಸಿತು. ಎರಡು ಹೊತ್ತಿನವರು ಎರಡನೆಯ ಹೊತ್ತಿನಲ್ಲಿ ಮೊದಲಿನ ಕಸುವಿನಿಂದ ತುಳಿಯಲೂ ಆಗುತ್ತಿರಲಿಲ್ಲ.

ಜಿಮ್ಮಿನಲ್ಲಿ ಹಿರಿಯ ತರಬೇತುದಾರರೊಬ್ಬರಿದ್ದಾರೆ. ಮಾತು ಕಡಿಮೆ, ಕೇಳಿದರೆ ಮಾತ್ರ ಹೇಳುವವರು. ನಾನು ಕೇಳಿರಲಿಲ್ಲ. 72 ಕಿಲೋದ ಬಾರ್ ನನ್ನ ಬೆನ್ನ ಮೇಲೆ ಅಲುಗಾಡಿದ ದಿನ ಅವರೇ ಹತ್ತಿರ ಬಂದರು.

"ಸಂಜೆ ಏನು ಮಾಡುತ್ತೀಯ?"

"ಓಡುತ್ತೇನೆ ಸರ್."

"ಹೇಗೆ?"

"ಜೋರಾಗಿಯೇ."

"ಬೆಳಿಗ್ಗೆ ಕಾಲಿಗೆ ಒಂದು ಮಾತು ಹೇಳುತ್ತೀಯ, ಸಂಜೆ ಇನ್ನೊಂದು. ಅದು ಯಾರ ಮಾತು ಕೇಳಬೇಕು?"

ಅವರು ಹೇಳಿದ್ದನ್ನು ವಿಜ್ಞಾನಿಯೊಬ್ಬರು 1980ರಲ್ಲಿಯೇ ಅಳೆದು ಇಟ್ಟಿದ್ದಾರೆ. ರಾಬರ್ಟ್ ಹಿಕ್ಸನ್ ಸ್ವತಃ ಭಾರ ಎತ್ತುತ್ತಿದ್ದವರು. ತಾವು ಕೆಲಸಕ್ಕೆ ಸೇರಿದ ಪ್ರಯೋಗಾಲಯದ ಹಿರಿಯರೊಂದಿಗೆ ಓಡಲು ಶುರುಮಾಡಿದ ಮೇಲೆ ತಮ್ಮ ಕಸುವು ಇಳಿಯುತ್ತಿದೆ ಎನ್ನಿಸಿ ಈ ವಿಷಯಕ್ಕೆ ಕೈಹಾಕಿದರು ಎಂದು ಹೇಳುತ್ತಾರೆ. ಮೂರು ಗುಂಪು ಮಾಡಿದರು: ಭಾರ ಎತ್ತುವವರು, ದಮ್ಮಿನ ವ್ಯಾಯಾಮ ಮಾಡುವವರು, ಎರಡನ್ನೂ ಮಾಡುವವರು. ಹತ್ತು ವಾರ. ಎರಡನ್ನೂ ಮಾಡಿದವರ ಬಲ ಏಳನೆಯ ವಾರದವರೆಗೆ ಭಾರ ಮಾತ್ರ ಎತ್ತಿದವರಂತೆಯೇ ಏರಿತು, ಅಲ್ಲಿಗೆ ನಿಂತಿತು, ಕೊನೆಯ ಎರಡು ವಾರ ಇಳಿಯಿತು. ದಮ್ಮಿಗೆ ಮಾತ್ರ ಏನೂ ಧಕ್ಕೆಯಾಗಲಿಲ್ಲ. ನನ್ನ ಇಳಿತ ಐದನೆಯ ವಾರಕ್ಕೇ ಶುರುವಾಗಿತ್ತು, ಆದರೆ ಆ ಪ್ರಯೋಗದಲ್ಲಿದ್ದವರಂತೆ ನಾನು ಯೋಜನೆ ಹಾಕಿಕೊಂಡು ಮಾಡಿದವನಲ್ಲ. ನಾನು ಹೊಟ್ಟೆಗೂ ಸರಿಯಾಗಿ ಹಾಕಿರಲಿಲ್ಲ.

ಹೊಟ್ಟೆಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎರಡು ಹೊತ್ತಿನ ವ್ಯಾಯಾಮ ಕೆಡುವುದು ಬಹಳ ಸಲ ಇಲ್ಲಿಯೇ. ದಣಿಸಿ ಬರಿದಾದ ಸ್ನಾಯುವಿಗೆ ತನ್ನ ಗ್ಲೈಕೋಜನ್ ಮತ್ತೆ ತುಂಬಿಕೊಳ್ಳಲು, ಪಿಷ್ಟ ಬೇಕಾದಷ್ಟು ಒದಗಿದರೂ, ಸರಿಸುಮಾರು ಒಂದು ಇಡೀ ದಿನ ಬೇಕು. ಎಂಟು ಗಂಟೆಯೊಳಗೆ ಮತ್ತೆ ಕಷ್ಟದ ಕೆಲಸ ಇದ್ದರೆ ಕ್ರೀಡಾ ಆಹಾರ ತಜ್ಞರು ಕೊಡುವ ಸಲಹೆ ಇದು: ಮೊದಲ ನಾಲ್ಕು ಗಂಟೆ, ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ 1ರಿಂದ 1.2 ಗ್ರಾಂ ಪಿಷ್ಟ. 70 ಕಿಲೋ ತೂಗುವವರಿಗೆ ಗಂಟೆಗೆ 70ರಿಂದ 84 ಗ್ರಾಂ. ನಾಲ್ಕು ಗಂಟೆಯ ಮೊತ್ತ 300 ಗ್ರಾಮಿನ ಸುತ್ತಮುತ್ತ. ಅದು ಸಣ್ಣ ರಾಶಿಯೇನಲ್ಲ. ನಾನು ಆ ವೇಳೆಯಲ್ಲಿ ತೂಕ ಇಳಿಸುವ ಆಸೆಯಿಂದ ಬೆಳಗಿನ ತಿಂಡಿಯನ್ನು ಅರ್ಧಕ್ಕೆ ಇಳಿಸಿದ್ದೆ. ಎರಡು ದೋಣಿಯ ಮೇಲೆ ಕಾಲಿಟ್ಟವನು ಮೂರನೆಯ ದೋಣಿಯನ್ನೂ ಕರೆದಿದ್ದೆ ಎನ್ನಿ.

ಬಿಡುವು ಎಷ್ಟಿರಬೇಕು ಎಂದು ಕೇಳಿದರೆ ಆರು ಗಂಟೆಯ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಬಲ ಮತ್ತು ದಮ್ಮಿನ ಅವಧಿಗಳನ್ನು ಒಂದರ ಹಿಂದೊಂದು ಮಾಡುವುದಕ್ಕಿಂತ ಆರು ಗಂಟೆ ಬಿಟ್ಟು ಮಾಡುವುದು ಮೇಲು, ಇಡೀ ದಿನ ಬಿಟ್ಟರೆ ಇನ್ನೂ ಮೇಲು. ಸ್ನಾಯು, ಎಲುಬುಗಳನ್ನು ಕಟ್ಟಿಹಿಡಿಯುವ ರಜ್ಜುಗಳ ವಿಷಯದಲ್ಲೂ ಇಂಥದೇ ಒಂದು ಅಂಕಿ ಸಿಕ್ಕಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ರಜ್ಜುಗಳನ್ನು ಎಳೆದು ನೋಡಿದಾಗ ಅವುಗಳೊಳಗಿನ ಜೀವಕೋಶಗಳು ಸುಮಾರು ಹತ್ತು ನಿಮಿಷ ಮಾತ್ರ ಸ್ಪಂದಿಸಿ, ಆಮೇಲೆ ಆರು ಗಂಟೆ ಕಿವುಡಾಗಿಬಿಡುತ್ತವೆ. ಆ ಹೊತ್ತಿನಲ್ಲಿ ಎಷ್ಟು ಎಳೆದರೂ ಅವುಗಳಿಗೆ ಲೆಕ್ಕವಿಲ್ಲ. ಹಳೆಯ ಹಿಮ್ಮಡಿ ನೋವಿನವನಾದ ನನಗೆ ಇದು ಬಹಳ ಉಪಯೋಗಕ್ಕೆ ಬಂತು. ಮುಂದೆ ಹೇಳುತ್ತೇನೆ.

ಬೆಳಿಗ್ಗೆ, ಸಂಜೆ ಎಂಬವು ಗಡಿಯಾರದ ಎರಡು ಅಂಕಿಗಳಷ್ಟೇ ಅಲ್ಲ ಎಂಬುದೂ ದೇಹಕ್ಕೆ ಗೊತ್ತು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ನೀರು ಹೀರಿ ಉಬ್ಬುತ್ತವೆ. ಎದ್ದಾಗ ನಾವು ನಿಜಕ್ಕೂ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ, ಎದ್ದ ಮೊದಲ ಗಂಟೆಯಲ್ಲೇ ಅದರಲ್ಲಿ ಅರ್ಧದಷ್ಟು ಇಳಿದುಹೋಗುತ್ತದೆ. ಆ ಉಬ್ಬಿದ ಸ್ಥಿತಿಯಲ್ಲಿ ಬೆನ್ನು ಬಗ್ಗಿಸಿ ಭಾರ ಎತ್ತುವುದು ಬಿಲ್ಲೆಗಳಿಗೆ ಹೆಚ್ಚಿನ ಒತ್ತಡ. ನಾನು ಹಾಸಿಗೆ ಬಿಟ್ಟ ಇಪ್ಪತ್ತೈದನೆಯ ನಿಮಿಷಕ್ಕೆ ಡೆಡ್‌ಲಿಫ್ಟ್, ಅಂದರೆ ನೆಲದ ಮೇಲಿನ ಭಾರವನ್ನು ಬಗ್ಗಿ ಎತ್ತುವುದು, ಮಾಡುತ್ತಿದ್ದೆ. ಸಂಜೆಯ ಹೊತ್ತಿಗೆ ಮೈಯ ಬಿಸಿ ಬೆಳಗಿನದಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಏರಿರುತ್ತದೆ, ಸ್ನಾಯುವಿನ ಬಲವೂ ಆಗ ತುಸು ಹೆಚ್ಚೇ. ಎಂದರೆ ಎತ್ತಬೇಕಾದ ಹೊತ್ತಿನಲ್ಲಿ ಓಡಿದೆ, ಸುಮ್ಮನೆ ಕೈಕಾಲು ಆಡಿಸಬೇಕಾದ ಹೊತ್ತಿನಲ್ಲಿ ಎತ್ತಿದೆ.

ಶೂ ಬಿಚ್ಚಲಾಗದ ಆ ರಾತ್ರಿಯ ಮರುದಿನದಿಂದ ಒಂದು ಪುಸ್ತಕ ಇಟ್ಟೆ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ, ಏಳುವ ಮೊದಲು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸುವುದು. ಕೈಗಡಿಯಾರವೇ ಇದನ್ನು ಅಳೆದು ಕೊಡುತ್ತದೆ, ಆದರೆ ಕೈಯಲ್ಲಿ ಎಣಿಸುವ ಆ ಒಂದು ನಿಮಿಷ ದಿನದ ಮೊದಲ ಪ್ರಾಮಾಣಿಕ ನಿಮಿಷವಾಗಿಬಿಟ್ಟಿತು, ಬಿಡಲು ಮನಸ್ಸಾಗಲಿಲ್ಲ. ಹಿಂದಿನ ವರ್ಷಗಳಲ್ಲಿ ನನ್ನದು 58. ಪುಸ್ತಕದ ಮೊದಲ ಪುಟದಲ್ಲಿ 67, 66, 68 ಎಂದಿದೆ. ಒಂದು ದಿನ ಏರಿದರೆ ಅದಕ್ಕೆ ನೂರು ಕಾರಣವಿರಬಹುದು. ವಾರಗಟ್ಟಲೆ ಹಾಗೆಯೇ ನಿಂತರೆ ದೇಹ ಸಾಲದಲ್ಲಿದೆ ಎಂದೇ ಅರ್ಥ. ಅಂಕಿಯ ಪಕ್ಕದಲ್ಲಿ ಒಂದು ಮಾತು ಬರೆಯುತ್ತಿದ್ದೆ: "2 ಗಂಟೆಗೆ ಎಚ್ಚರ." "ಊಟ ಬೇಡ ಎನ್ನಿಸಿತು." "ಮಗಳ ಮೇಲೆ ಸುಮ್ಮನೆ ರೇಗಿದೆ." ಇಡೀ ದಿನ ಎರಡು ಪಟ್ಟು ದುಡಿದವನಿಗೆ ನಿದ್ದೆ ಬರುವುದಿಲ್ಲ ಎಂಬುದು ವಿಚಿತ್ರವಾಗಿ ಕಂಡಿತ್ತು. ಅದು ಅತಿ ತಾಲೀಮಿನ ಹಳೆಯ ಲಕ್ಷಣವಂತೆ. ಇದರಾಚೆಗೆ ಹೋದವರೂ ಇದ್ದಾರೆ. ಹೆಂಗಸರಲ್ಲಿ ಮುಟ್ಟು ನಿಂತುಹೋಗುವುದು, ಎಲುಬು ಸೀಳು ಬಿಡುವುದು, ಇವೆಲ್ಲ ದುಡಿಮೆಗೆ ತಕ್ಕ ಊಟವಿಲ್ಲದಾಗ ಬರುವ ತೊಂದರೆಗಳು. ಗಂಡಸರನ್ನೂ ಅದು ಬಿಡುವುದಿಲ್ಲ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಎಚ್ಚರಿಸಿತ್ತು. ವಿಪರೀತ ವ್ಯಾಯಾಮದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಪುಸ್ತಕದಲ್ಲಿ ಬರೆಯುತ್ತಾ ಕೂರಬಾರದು, ನೇರ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಒಡೆದು ಅದರ ಕಸ ಮೂತ್ರಪಿಂಡವನ್ನು ಕಟ್ಟಿಹಾಕುವ ಸ್ಥಿತಿ ಅದು.

ಆ ಪುಸ್ತಕದಲ್ಲಿ ನಾನು ಬಯಸದ ಒಂದು ವಿಷಯವೂ ದಾಖಲಾಗುತ್ತಾ ಹೋಯಿತು. ಬೆಳಗಿನ ಅವಧಿಯನ್ನು ನಾನು ಆಗಾಗ ತಪ್ಪಿಸುತ್ತಿದ್ದೆ. ಸಂಜೆಯದನ್ನು ಒಂದು ದಿನವೂ ಇಲ್ಲ. ನಾಡಿ 68 ಇದ್ದ ದಿನವೂ, ಹಿಮ್ಮಡಿ ಚುಚ್ಚುತ್ತಿದ್ದ ದಿನವೂ ಸಂಜೆಯ ಕಾಲಮ್ಮು ತುಂಬಿದೆ. ಇಷ್ಟೊಂದು ನಿಷ್ಠೆ ಎಲ್ಲಿಂದ ಬಂತು ಎಂದು ಪುಟ ತಿರುವುತ್ತಾ ಯೋಚಿಸಿದರೆ ಉತ್ತರ ಅಷ್ಟೇನೂ ಮರ್ಯಾದೆಯದಲ್ಲ. ಕಚೇರಿಯಿಂದ ಹೊರಬಿದ್ದು ಮನೆಯ ಬಾಗಿಲು ತಟ್ಟುವ ನಡುವೆ ಯಾರಿಗೂ ಸಿಗದ ಒಂದು ಗಂಟೆ ನನಗೆ ಬೇಕಾಗಿತ್ತು. ಸುಮ್ಮನೆ ಒಬ್ಬನೇ ಕೂರುತ್ತೇನೆ ಎಂದರೆ ಮನೆಯಲ್ಲಿ ಕೇಳುವವರಿದ್ದಾರೆ, ಅದಕ್ಕಿಂತ ಮೊದಲು ನನ್ನ ಮನಸ್ಸೇ ಕೇಳುತ್ತದೆ. ವ್ಯಾಯಾಮ ಎಂದರೆ ಯಾರೂ ಕೇಳುವುದಿಲ್ಲ. ಅದಕ್ಕೆ ಎಲ್ಲೆಡೆಯೂ ಗೌರವದ ಪರವಾನಗಿ ಇದೆ. ಬೆವರಿ ಬಂದವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ, ಇಷ್ಟು ಹೊತ್ತು ಎಲ್ಲಿದ್ದೆ ಎಂದೂ ಕೇಳುವುದಿಲ್ಲ.

ಹೆಂಡತಿಗೆ ಇದನ್ನು ಹೇಳಿದೆ. ಆಕೆ ನಕ್ಕಳು. "ಅದು ನನಗೆ ಎರಡನೆಯ ವಾರವೇ ಗೊತ್ತಿತ್ತು. ಒಂದು ಗಂಟೆ ಬೇಕಿದ್ದರೆ ತೆಗೆದುಕೊಳ್ಳಿ, ಆದರೆ ಬರುವಾಗ ಮಾತಾಡುವಷ್ಟು ಜೀವ ಉಳಿಸಿಕೊಂಡು ಬನ್ನಿ."

ಹತ್ತು ದಿನ ಎಲ್ಲವನ್ನೂ ನಿಲ್ಲಿಸಿದೆ. ನಡಿಗೆ ಮಾತ್ರ. ನಾಡಿ 60ಕ್ಕೆ ಇಳಿಯಲು ಹದಿಮೂರು ದಿನ ಹಿಡಿಯಿತು, ತಾಳ್ಮೆ ಅಷ್ಟು ಇರಲಿಲ್ಲವಾದ್ದರಿಂದ ಕೊನೆಯ ಮೂರು ದಿನ ಸ್ವಲ್ಪ ಕಳ್ಳಾಟ ಆಡಿದ್ದೇನೆ, ಅದೂ ಪುಸ್ತಕದಲ್ಲಿದೆ.

ಈಗ ಎರಡು ಹೊತ್ತಿನ ದಿನಗಳು ವಾರಕ್ಕೆ ಎರಡೇ. ಹೊಸದಾಗಿ ಏನನ್ನೂ ಸೇರಿಸಿಲ್ಲ. ಮೊದಲು ಒಂದೇ ಉಸಿರಿಗೆ ಮುಗಿಸುತ್ತಿದ್ದ 75 ನಿಮಿಷವನ್ನು ಒಡೆದಿದ್ದೇನೆ. ಬೆಳಿಗ್ಗೆ, ಎದ್ದು ಒಂದು ಗಂಟೆಯಾದ ಮೇಲೆ, 25 ನಿಮಿಷ: ಮಾತಾಡುತ್ತಾ ಓಡಬಹುದಾದಷ್ಟು ನಿಧಾನದ ಓಟ, ಆಮೇಲೆ ಹಿಮ್ಮಡಿಗಾಗಿ ಮೆಟ್ಟಿಲ ಅಂಚಿನಲ್ಲಿ ನಿಂತು ಐದು ನಿಮಿಷ ಏರಿಳಿಯುವುದು. ಸಂಜೆ 50 ನಿಮಿಷ ಭಾರ. ನಡುವೆ ಹತ್ತು ಗಂಟೆ. ರಜ್ಜುಗಳ ಆ ಆರು ಗಂಟೆಯ ಕಿವುಡು ಕಳೆದಿರುತ್ತದಾದ್ದರಿಂದ ಸಂಜೆ ಮತ್ತೆ ಐದು ನಿಮಿಷ ಹಿಮ್ಮಡಿಗೆ ಕೊಡುತ್ತೇನೆ. ಎರಡು ವರ್ಷ ಕಾಡಿದ ನೋವು ಮೂರು ತಿಂಗಳಲ್ಲಿ ಬಹುಮಟ್ಟಿಗೆ ಇಳಿದಿದೆ. ಅದು ಇದರಿಂದಲೇ ಎಂದು ಆಣೆ ಮಾಡಲಾರೆ, ಜೋರು ಓಟ ಬಿಟ್ಟದ್ದರಿಂದಲೂ ಇರಬಹುದು.

ಒಡೆದು ಮಾಡುವುದರಲ್ಲಿ ಒಂದು ಸುಖ ಇದೆ, ಅದನ್ನು ಮುಚ್ಚಿಡಬಾರದು. 75 ನಿಮಿಷದ ಕೊನೆಯಲ್ಲಿ ಮಾಡುತ್ತಿದ್ದ ಸೆಟ್ಟುಗಳು ಯಾವಾಗಲೂ ಹರಕುಮುರಕು: ಮಂಡಿ ಒಳಕ್ಕೆ ವಾಲುವುದು, ಎಣಿಕೆ ತಪ್ಪುವುದು. ಈಗ ಪ್ರತಿ ಸೆಟ್ಟಿಗೂ ತಾಜಾ ಕಾಲು ಸಿಗುತ್ತದೆ. ಭಾರ ಎತ್ತುವ ಕ್ರೀಡಾಪಟುಗಳ ಮೇಲೆ 2007ರಲ್ಲಿ ಹಾರ್ಟ್‌ಮನ್ ಮತ್ತು ಸಂಗಡಿಗರು ಅಷ್ಟೇ ಕೆಲಸವನ್ನು ಒಂದು ಹೊತ್ತಿನಲ್ಲಿ ಮತ್ತು ಎರಡು ಹೊತ್ತಿನಲ್ಲಿ ಮಾಡಿಸಿ ಮೂರು ವಾರ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಂಡಿರಲಿಲ್ಲ. ಹಾಗಾಗಿ ಒಂದೇ ಹೊತ್ತು ಸಿಗುವವರು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದೂ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಎರಡು ದಿನ ಬಲದ ವ್ಯಾಯಾಮ, ಅಷ್ಟೇ. ಅದನ್ನು ಎಷ್ಟು ತುಂಡು ಮಾಡಿಕೊಳ್ಳುತ್ತೀರಿ ಎಂದು ಅದು ಕೇಳುವುದಿಲ್ಲ. ನನಗೆ ಎರಡು ತುಂಡು ಹಿತವಾಗಿದೆ, ಹಿಮ್ಮಡಿಗೂ ಒಪ್ಪಿದೆ.

ಸ್ಕ್ವಾಟ್ 85ಕ್ಕೆ ಬಂದಿದೆ. 5 ಕಿಲೋಮೀಟರ್ ಇನ್ನೂ 27 ನಿಮಿಷವೇ, ಹಟಮಾರಿ. ಉಳಿದ ಸಂಜೆಗಳಲ್ಲಿ, ತಾಲೀಮು ಇಲ್ಲದ ದಿನ, ಬಸ್ಸಿನಿಂದ ಎರಡು ನಿಲ್ದಾಣ ಮೊದಲೇ ಇಳಿದು ನಡೆದು ಬರುತ್ತೇನೆ. ಕೈಯಲ್ಲಿ ಟವೆಲ್ ಇಲ್ಲ, ಬೆವರಿನ ಪರವಾನಗಿಯೂ ಇಲ್ಲ. ಎಲ್ಲಿದ್ದೆ ಎಂದು ಮಗಳು ಕೇಳಿದರೆ ಸುಮ್ಮನೆ ನಡೆಯುತ್ತಿದ್ದೆ ಎನ್ನುತ್ತೇನೆ. ನಿನ್ನೆ ಆಕೆ ನಿಲ್ದಾಣದವರೆಗೆ ಎದುರು ಬಂದಿದ್ದಳು.

ಇವತ್ತು ಎರಡು ಹೊತ್ತಿನ ದಿನ. ಬೆಳಿಗ್ಗೆ ನಾಡಿ 65 ಬಂತು, ಇನ್ನೊಮ್ಮೆ ಎಣಿಸಿದೆ, 66. ಸಂಜೆಯ ಕಾಲಮ್ಮಿನಲ್ಲಿ ಈಗಲೇ ಒಂದು ಅಡ್ಡಗೆರೆ ಎಳೆದು, ಚೀಲದಿಂದ ಎರಡನೆಯ ಜೊತೆ ಬಟ್ಟೆಯನ್ನು ತೆಗೆದು ಮತ್ತೆ ಬೀರುವಿನಲ್ಲಿಟ್ಟೆ.